ಒಂದು ಲಕ್ಷ ಅರವತ್ತೆರಡು ಸಾವಿರ

ವಿರೂಪಾಕ್ಷಪ್ಪನವರು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ನಲವತ್ತೊಂದು ವರ್ಷ ದಲಾಲಿ ಅಂಗಡಿ ನಡೆಸಿದವರು. ಮೂರು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದ ಮೇಲೆ ಅಂಗಡಿ ಮಾರಿದರು. ಬಂದ ಹಣದಲ್ಲಿ ಅರ್ಧ ಬ್ಯಾಂಕಿಗೆ ಹೋಯಿತು, ಇನ್ನರ್ಧ ಷೇರಿಗೆ. ಷೇರಿನ ಮಾತು ಎತ್ತಿದವನು ಮಗ ವಿಜಯಮಹಾಂತೇಶ. ರಾಣೇಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಅವನಿಗೆ ಕೆಲಸ. ಆ ಊರಿನ ಷೇರು ದಲಾಲಿ ಮೈಲೇಶ ಅವನ ಜೊತೆ ಓದಿದವನು.

"ನಾನೂ ದಲಾಲಿ, ಅವನೂ ದಲಾಲಿ," ಎಂದಿದ್ದರು ವಿರೂಪಾಕ್ಷಪ್ಪ. "ನಾ ಮಾರೋ ಕಾಯಿ ಮುಟ್ಟಿ ನೋಡಬಹುದಿತ್ತು. ಅವನದು ಏನ್ ಮುಟ್ಟಬೇಕು?"

ಮುಟ್ಟಲಾಗದ ಆ ಸರಕನ್ನು ನೋಡುವುದಕ್ಕಾದರೂ ಆಗಲಿ ಎಂದು ಮಗ ತನ್ನ ಹಳೆಯ ಕಂಪ್ಯೂಟರನ್ನು ಪಡಸಾಲೆಯಲ್ಲಿ ತಂದಿಟ್ಟು, ಮನೆಯ ಲೆಕ್ಕ ಬರೆಯುವ ಒಂದು ತಂತ್ರಾಂಶ ಹಾಕಿಕೊಟ್ಟ. ಅದನ್ನು ನಡೆಸುವ ಕೆಲಸ ಸೊಸೆ ನಿರ್ಮಲಾಳದಾಯಿತು. ಅವಳು ಬಿ.ಕಾಂ. ಓದಿದವಳು. ಮದುವೆಯಾಗಿ ಆರು ವರ್ಷದಲ್ಲಿ ಆ ಓದನ್ನು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಮಾವನ ಕಣ್ಣಿಗೆ ಪೊರೆ ಬಂದು, ಶಸ್ತ್ರಚಿಕಿತ್ಸೆಯಾದ ಮೇಲೂ ದೊಡ್ಡ ಅಕ್ಷರ ಮಾತ್ರ ಕಾಣುವಂತಾದಾಗ, ಒಂದು ದಿನ ಅವರು ದಿನದ ಲೆಕ್ಕ ಬರೆಯುವ, ಕೆಂಪು ಬಟ್ಟೆಯ ತಮ್ಮ ಕಿರ್ದಿ ಪುಸ್ತಕ ಮುಚ್ಚಿ, "ಇನ್ನ ಕಿರ್ದಿ ನಿಂದವಾ ನಿರ್ಮಲಾ," ಎಂದರು. ಅಷ್ಟೇ ಮಾತು. ಆದರೆ ಮರುದಿನದಿಂದ ಹಾಲಿನ ಮುದುಕವ್ವ ತಿಂಗಳ ಬಾಕಿಗೆ ನಿರ್ಮಲಾಳ ಮುಂದೆ ನಿಂತಳು. ಅತ್ತೆ ಫಕ್ಕೀರವ್ವ ಎಣ್ಣೆ ಡಬ್ಬಿ ತರಿಸುವ ಮೊದಲು, "ಈ ತಿಂಗಳ ಆಕ್ಕೇತೇನ ನೋಡ," ಎಂದು ಸೊಸೆಯನ್ನು ಕೇಳಿದರು. ಉಪ್ಪು ಎಷ್ಟು ಹಾಕಲಿ ಎಂದು ತಾನೇ ಕೇಳುತ್ತಿದ್ದವಳನ್ನು ಈಗ ಮನೆಯೇ ಬಂದು ಕೇಳುತ್ತಿತ್ತು.

ದಿನಾ ಸಂಜೆ ಆರಕ್ಕೆ ವಿರೂಪಾಕ್ಷಪ್ಪ ಚಹಾದ ಬಟ್ಟಲು ಹಿಡಿದು ಕಂಪ್ಯೂಟರಿನ ಪಕ್ಕ ಕೂರುತ್ತಿದ್ದರು.

"ಹೂಂ, ಓದವಾ."

"ಷೇರಿಂದು ಒಟ್ಟು ಒಂಬತ್ತು ಲಕ್ಷ ನಲವತ್ತು ಸಾವಿರ ಐತ್ರಿ ಮಾವಾರ."

"ನಿನ್ನೆ?"

"ಒಂಬತ್ತು ಮೂವತ್ತೆಂಟು."

"ಹಂಗಾರ ಕುಂತಲ್ಲೆ ಎರಡು ಸಾವಿರ ದುಡದೇನಿ."

"ನಾ ಮುಂಜಾನಿಯಿಂದ ನಿಂತ ದುಡದೇನಿ," ಎನ್ನುತ್ತಿದ್ದರು ಒಳಗಿನಿಂದ ಫಕ್ಕೀರವ್ವ. "ನನಗ ಎರಡು ಸಾವಿರ ಯಾರು ಕೊಟ್ಟಾರ?"

ಫೆಬ್ರವರಿಯ ಒಂದು ಮಂಗಳವಾರ ನಿರ್ಮಲಾ ಓದಲಿಲ್ಲ. ತೆರೆಯನ್ನೇ ನೋಡುತ್ತ ಕುಳಿತಳು.

"ಯಾಕ, ಕರೆಂಟ್ ಹೋತೇನು?"

"ಇಲ್ರಿ. ಏಳು ಲಕ್ಷ ಎಪ್ಪತ್ತೆಂಟು ಸಾವಿರ ತೋರಸಾಕತ್ತೇತಿ."

ವಿರೂಪಾಕ್ಷಪ್ಪ ಬಟ್ಟಲು ಕೆಳಗಿಟ್ಟರು. "ಇನ್ನೊಮ್ಮೆ ಓದು."

ಅವಳು ಓದಿದಳು. ಅದೇ ಬಂತು.

"ಯಾವುದು ಇಳದೈತಿ?"

"ಪಂಪಿನ ಕಂಪನಿರಿ. ಏಳನೂರು ಇದ್ದದ್ದು ನಾಕನೂರಾ ಮೂವತ್ತಾಗೇತಿ."

"ಷೇರು ಎಷ್ಟದಾವು?"

"ಆರನೂರು. ಅವು ಅಷ್ಟ ಅದಾವ್ರಿ."

ಆ ಕಂಪನಿ ನೀರಿನ ಪಂಪನ್ನೂ ಗೋಡೆಗೆ ಬಳಿಯುವ ಪೇಂಟನ್ನೂ ಮಾಡುತ್ತಿತ್ತು. ವಿರೂಪಾಕ್ಷಪ್ಪನವರಿಗೆ ಪೇಂಟಿನ ಗೊಡವೆ ಇರಲಿಲ್ಲ. ಮೋಟೆಬೆನ್ನೂರಿನ ಹೊಲದ ಬಾವಿಯಲ್ಲಿ ಅವರದೇ ಪಂಪು ಇಪ್ಪತ್ತೆರಡು ವರ್ಷ ಒಂದು ದಿನವೂ ಕೈಕೊಡದೆ ನಡೆದಿತ್ತು. ಆ ನಂಬಿಕೆಯ ಮೇಲೆ ತಲಾ ನಾಲ್ಕುನೂರ ಐವತ್ತರಂತೆ ಎರಡು ಲಕ್ಷ ಎಪ್ಪತ್ತು ಸಾವಿರ ಹಾಕಿ ಆರುನೂರು ಷೇರು ಕೊಂಡಿದ್ದರು.

ಆ ದಿನ ಊಟಕ್ಕೆ ರೊಟ್ಟಿ, ಹೆಸರುಕಾಳಿನ ಪಲ್ಲೆ, ಶೇಂಗಾ ಹಿಂಡಿ. ಅಪ್ಪ ಮಗ ಎದುರು ಬದುರು ಕುಳಿತಿದ್ದರು.

"ದೀಪಾವಳ್ಯಾಗ ನಾ ಏನಂದಿದ್ದೆ?" ಎಂದರು ವಿರೂಪಾಕ್ಷಪ್ಪ.

ವಿಜಯಮಹಾಂತೇಶ ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿದ.

"ಏಳನೂರಾಗೇತಿ, ಮಾರೂಣು ಅಂದೆ. ನೀ ಏನಂದಿ?"

"ತಡಿ ಅಂದೆ."

"ತಡದೆ. ಈಗ?"

"ಒಂದ ದಿನದಾಗ ಇಷ್ಟ ಇಳಿಯಾಕ ಏನರ ಕಾರಣ ಇರತೈತಿ ಅಪ್ಪಾ. ಕೇಳೂಣು. ಇನ್ನೊಂದೀಟು ತಡಿಯೂಣು."

"ಅರವತ್ತೆಂಟು ವರ್ಷ ನನಗ. ಎಷ್ಟ ತಡೀಲಿ? ನಲವತ್ತೊಂದು ವರ್ಷದ ಅಂಗಡಿ ಅದು. ಹಿಂದಿನ ಗೋಡಿ ಬಿದ್ದಂಗಾತು."

"ನಾ ಬೀಳಿಸೇನೇನು?"

"ಮಾರೂದನ್ನ ನಿಂದರಸಿದವ ನೀನ ಅಲ್ಲ?"

ವಿರೂಪಾಕ್ಷಪ್ಪ ಗಂಗಾಳ ಸರಿಸಿ ಎದ್ದರು. ವಿಜಯಮಹಾಂತೇಶನೂ ಅರ್ಧಕ್ಕೇ ಕೈ ತೊಳೆದ.

"ಇಬ್ಬರೂ ಎದ್ರಿ," ಎಂದರು ಫಕ್ಕೀರವ್ವ, ಸುಟ್ಟ ರೊಟ್ಟಿಯನ್ನು ಬುಟ್ಟಿಗೆ ಹಾಕುತ್ತ. "ಈ ರೊಟ್ಟಿ ತಿನ್ನಾಕ ಆ ಕಂಪನಿಯವರು ಬರತಾರೇನು?"



ಮರುದಿನದಿಂದ ಮಗ, ಅಪ್ಪ ಏಳುವ ಮೊದಲೇ ಮನೆ ಬಿಡತೊಡಗಿದ. ಮೈಲೇಶನನ್ನು ಕೇಳಿರಿ ಎಂದು ನಿರ್ಮಲಾ ಎರಡು ಸಲ ಹೇಳಿದರೆ, "ಕೇಳಿ ಯಾರಿಗೆ ಹೇಳ್ಲಿ? ನನ್ನ ಮಾತು ಯಾರಿಗೆ ಬೇಕಾಗೇತಿ?" ಎಂದ. ವಿರೂಪಾಕ್ಷಪ್ಪನವರದು ಬೆಳಿಗ್ಗೆ ಅರ್ಧ ರೊಟ್ಟಿ, ರಾತ್ರಿ ಒಂದು ಲೋಟ ಮಜ್ಜಿಗೆ. ಸಕ್ಕರೆ ಕಾಯಿಲೆಯ ಗುಳಿಗೆ ಮಾತ್ರ ಹೊತ್ತಿಗೆ ಸರಿಯಾಗಿ. ಸಂಜೆ ಆರಕ್ಕೆ ಬಂದು ಕೂರುತ್ತಿದ್ದರು. ಅವಳು ಓದುತ್ತಿದ್ದಳು. ನಿನ್ನೆಯದು ಎಷ್ಟು ಎಂದು ಅವರು ಕೇಳುತ್ತಿರಲಿಲ್ಲ.

ಶನಿವಾರ ಜೋಳ ಬೀಸಿಸಲು ಹೋದವರು ಬಹಳ ಹೊತ್ತು ಬರಲಿಲ್ಲ. ಕೊನೆಗೆ ಗಿರಣಿಯ ಶಮಶೇರಸಾಬರೇ ಅವರ ತೋಳು ಹಿಡಿದು ಮನೆಗೆ ಕರೆತಂದರು. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು.

"ಗಿರಣಿ ಕಟ್ಟಿಮ್ಯಾಲೆ ಹಂಗ ಕುಂತಬಿಟ್ರವಾ," ಎಂದರು ಶಮಶೇರಸಾಬ. "ನನ್ನ ಹೆಸರು ಕೇಳಿದ್ರ ಹೇಳವಲ್ರು. ಹಿಟ್ಟು ಆಮ್ಯಾಲೆ ಕಳಸತೇನಿ, ಮೊದಲ ಇವರನ್ನ ನೋಡ್ರಿ."

ಮಗಳು ಶೈಲಶ್ರೀ ಆ ದಿನ ಮನೆಯಲ್ಲಿದ್ದದ್ದು ಒಳ್ಳೆಯದಾಯಿತು. ಅವಳು ಹಾವೇರಿಯ ಒಂದು ರಕ್ತ ತಪಾಸಣೆಯ ಲ್ಯಾಬಿಗೆ ದಿನಾ ಹೋಗಿ ಬರುತ್ತಿದ್ದಳು. ಅಪ್ಪನ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಐವತ್ನಾಲ್ಕು. ಸಕ್ಕರೆ ನೀರು ಕುಡಿಸಿ, ನಡುಕ ನಿಂತ ಮೇಲೆ ಬೈಯತೊಡಗಿದಳು.

"ಗುಳಿಗಿ ನುಂಗಿ ಉಣಲಿಲ್ಲಂದ್ರ ಹಿಂಗ ಆಗತೈತಿ ಅಪ್ಪಾ. ಇನ್ನೊಮ್ಮೆ ಹಿಂಗಾದ್ರ ಗಿರಣಿ ಕಟ್ಟಿಯಿಂದ ಸೀದಾ ದವಾಖಾನಿ."

"ಹಸಿವಿಲ್ಲವಾ."

"ಹಸಿವಿಲ್ಲಂದ್ರ ಗುಳಿಗಿ ಯಾಕ ನುಂಗಿದಿ?"

"ಗುಳಿಗಿಗೆ ರೊಕ್ಕ ಕೊಟ್ಟೇನಿ."

ಶೈಲಶ್ರೀ ಅತ್ತಿಗೆಯ ಮುಖ ನೋಡಿದಳು. ನಿರ್ಮಲಾ ಸಕ್ಕರೆ ನೀರಿನ ಲೋಟವನ್ನು ತೊಳೆಯಲು ಒಯ್ದಳು. ತೊಳೆದಾದ ಮೇಲೂ ಅದನ್ನು ಕೈಯಲ್ಲೇ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿದ್ದಳು.

ಸೋಮವಾರ ಮಧ್ಯಾಹ್ನ ಅತ್ತೆ ಮಾವ ಮಲಗಿದ್ದಾಗ ಅವಳು ಕಂಪ್ಯೂಟರಿನ ಮುಂದೆ ಕುಳಿತಳು. ಹೊಸ ಸಾಲು ತೆರೆದು, ಇಳಿದದ್ದು ಎಷ್ಟೋ ಅಷ್ಟನ್ನೇ ಷೇರಿನ ಖಾತೆಗೆ ಬರೆದಳು: ಒಂದು ಲಕ್ಷ ಅರವತ್ತೆರಡು ಸಾವಿರ. ಆ ತಂತ್ರಾಂಶವೂ ಒಂದು ವಿಷಯದಲ್ಲಿ ಮಾವನಂತೆಯೇ. ಹಣ ಎಲ್ಲಿಗೆ ಬಂತು ಎಂದು ಹೇಳಿದರೆ ಸಾಲದು, ಎಲ್ಲಿಂದ ಬಂತು ಎಂದೂ ಹೇಳಬೇಕು. ಹೇಳದಿದ್ದರೆ ಸಾಲು ಕೆಂಪಾಗಿಯೇ ನಿಲ್ಲುತ್ತದೆ. ಅವಳು ಪಟ್ಟಿಯಲ್ಲಿ ಮೇಲಿನಿಂದ ಕೆಳಗೆ ಹೋದಳು. ಕೊನೆಯಲ್ಲಿ 'ಇತರೆ' ಎಂದಿತ್ತು. ಅದನ್ನು ಒತ್ತಿದಳು. ಕೆಂಪು ಹೋಯಿತು.

ಸಂಜೆ ಆರಕ್ಕೆ ವಿರೂಪಾಕ್ಷಪ್ಪ ಬಂದರು.

"ಏರೇತ್ರಿ ಮಾವಾರ. ಮೊದಲಿನಷ್ಟ ಆಗೇತಿ. ಒಂಬತ್ತು ನಲವತ್ತು."

ಅವರು ಭೂತಗನ್ನಡಿ ತರಿಸಿಕೊಂಡು ತೆರೆಗೆ ಮೂಗು ತಾಗುವಷ್ಟು ಬಾಗಿದರು. ಕೆಳಗಿನ ದಪ್ಪ ಅಂಕಿ ಮಾತ್ರ ಅವರಿಗೆ ಕಾಣುತ್ತಿತ್ತು. ಅದನ್ನು ಒಂದೊಂದಾಗಿ ಎಣಿಸಿಕೊಂಡರು.

"ಒಂದ ದಿನದಾಗ ಬಿತ್ತು, ಒಂದ ದಿನದಾಗ ಎದ್ದಿತು," ಎಂದರು. "ಮೆಣಸಿನಕಾಯಿ ಪ್ಯಾಟಿಗಿಂತ ಹುಚ್ಚು ಪ್ಯಾಟಿ ಇದು."

ಆ ರಾತ್ರಿ ಎರಡು ರೊಟ್ಟಿ ತಿಂದರು. ಬದನೆಕಾಯಿ ಪಲ್ಲೆಯನ್ನು ಮತ್ತೊಮ್ಮೆ ಹಾಕಿಸಿಕೊಂಡು ಮಗನ ಕಡೆ ತಿರುಗಿದರು. "ಮಾಂತೇಶಾ, ನೀ ತಡಿ ಅಂದದ್ದು ಬರೋಬ್ಬರಿ ಆತು ನೋಡ."

ವಿಜಯಮಹಾಂತೇಶ ತಲೆ ಎತ್ತಿದ. ಅವನ ಫೋನಿನಲ್ಲಿ ಆ ಕಂಪನಿ ಬೆಳಿಗ್ಗೆಯೂ ನಾಲ್ಕುನೂರ ಮೂವತ್ತೇ ಇತ್ತು. ಹೆಂಡತಿಯನ್ನು ನೋಡಿದ. ಅವಳು ಪಲ್ಲೆಯ ಬೋಗುಣಿಯನ್ನು ನೋಡುತ್ತಿದ್ದಳು.

ಕೋಣೆಗೆ ಬಂದ ಮೇಲೆ ಕೇಳಿದ: "ಏನ್ ಮಾಡೀದಿ?"

"ಉಣ್ಣಂಗ ಮಾಡೇನಿ."

ಅವನು ಮಂಚದ ಮೇಲೆ ಕುಳಿತ. ಬೈಯುತ್ತಾನೆ ಎಂದು ಅವಳು ಕಾದಳು. ಅವನು ಫೋನನ್ನು ದಿಂಬಿನ ಕೆಳಗಿಟ್ಟು, "ನಾಳೆ ಮೈಲೇಶನ್ನ ಕೇಳತೇನಿ," ಎಂದ.

ಕೇಳಿಕೊಂಡು ಬಂದ. ಕಂಪನಿ ಎರಡಾಗಿತ್ತು. ಪೇಂಟಿನ ವ್ಯವಹಾರವನ್ನು ಬೇರೆ ತೆಗೆದು ಅದಕ್ಕೊಂದು ಹೊಸ ಕಂಪನಿ ಮಾಡಿದ್ದರು. ಹಾಗಾಗಿ ಹಳೆಯದರ ಬೆಲೆ ಅಷ್ಟು ಇಳಿದಿತ್ತು. ಪಂಪಿನ ಪ್ರತಿ ಷೇರಿಗೆ ಪೇಂಟಿನದು ಒಂದು ಬರುತ್ತದೆ, ಆದರೆ ಇನ್ನೂ ಒಂದು ತಿಂಗಳು ಬೇಕು. ಅದರ ಬೆಲೆ ಎಷ್ಟು ಎಂದು ವಹಿವಾಟು ಶುರುವಾದ ದಿನವೇ ತಿಳಿಯಬೇಕು.

"ಅಪ್ಪಗ ಹೇಳಿಬಿಡು," ಎಂದ ವಿಜಯಮಹಾಂತೇಶ. "ಖರೇನೂ ಛಲೋನ ಐತಲ್ಲ."

"ತಿಂಗಳ ಬಿಟ್ಟ ಬರತೈತಿ, ಎಷ್ಟ ಬರತೈತಿ ಗೊತ್ತಿಲ್ಲ ಅಂದ್ರ ಮತ್ತ ಗಂಗಾಳ ಸರಸತಾರ್ರಿ. ಬರಲಿ. ಬಂದ ದಿನ ನನ್ನ ಸಾಲು ತಗದು ಅದನ್ನ ಹಾಕತೇನಿ."

"ಅಪ್ಪನ ಕಿರ್ದ್ಯಾಗ ಆಟ ಆಡಬ್ಯಾಡ."

"ಕಿರ್ದಿ ನಂದು," ಎಂದಳು ನಿರ್ಮಲಾ. ಅಂದ ಮೇಲೆ ಆ ಮಾತು ಅವಳಿಗೇ ಅಷ್ಟು ಚೆನ್ನಾಗಿ ಕೇಳಿಸಲಿಲ್ಲ.

ನಾಲ್ಕು ವಾರ ಹಾಗೇ ನಡೆಯಿತು. ಮಾರುಕಟ್ಟೆಗೆ ಹೋಗುವ ಲಾರಿಗಳು ಮನೆಯ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದವು. ಸಂಜೆ ಅವಳು ಒಟ್ಟು ಮೊತ್ತವನ್ನು ಮೊದಲಿಗಿಂತ ಬೇಗ ಬೇಗ ಓದಿ ಒಲೆಯ ಮೇಲೆ ಹಾಲಿದೆ ಎಂದು ಎದ್ದುಬಿಡುತ್ತಿದ್ದಳು. ಮಾವ ಮಾತ್ರ ಚೆನ್ನಾಗಿ ಉಂಡರು. ಶೈಲಶ್ರೀ ವಾರಕ್ಕೊಮ್ಮೆ ಬೆರಳು ಚುಚ್ಚಿ, "ಈಗ ಮಾತು ಕೇಳೋ ಮನಶ್ಯಾ ಆಗೀದಿ," ಎನ್ನುತ್ತಿದ್ದಳು. ತಟ್ಟೆ ಬಿಡುವ ಸರದಿ ಈಗ ನಿರ್ಮಲಾಳದಾಗಿತ್ತು.

"ಯಾಕ, ಊಟ ಸೇರವಲ್ದು ನಿನಗ?" ಎಂದು ಫಕ್ಕೀರವ್ವ ಕೇಳಿದರು.

"ಖಾರ ಆತ್ರಿ ಅತ್ತಿ."

"ಈ ಮನಿಗೆ ಬಂದು ಆರು ವರ್ಷ ಆತು. ನನ್ನ ಕೈಯಾಗ ಖಾರ ಹೆಚ್ಚು ಅಂತ ಇವತ್ತ ಗೊತ್ತಾತೇನು?" ಎಂದು ಮೊಸರಿನ ಪಾತ್ರೆಯನ್ನು ಅವಳ ಕಡೆ ದೂಡಿದರು. ಹೆಚ್ಚು ಕೇಳಲಿಲ್ಲ.

ಮಾರ್ಚಿನಲ್ಲಿ ನಿರ್ಮಲಾಳ ತಂಗಿ ಅರುಣಾಳ ಕುಬಸವಿತ್ತು. ಚೊಚ್ಚಲ ಬಸುರಿಗೆ ಹಸಿರು ಸೀರೆ, ಬಳೆ. ಅಕ್ಕನಾದವಳು ಇರಲೇಬೇಕು. ಬುಧವಾರ ರಾಣೇಬೆನ್ನೂರಿಗೆ ಹೋದವಳು ಶುಕ್ರವಾರ ಸಂಜೆ ಕರ್ಚಿಕಾಯಿ ಡಬ್ಬಿ ಹಿಡಿದು ಬಂದಾಗ, ಮಾವ ಪಡಸಾಲೆಯಲ್ಲಿ ಒಂದು ಹಾಳೆ ಮುಂದಿಟ್ಟುಕೊಂಡು ಕುಳಿತಿದ್ದರು. ಅತ್ತೆ ಗೋಡೆಗೊರಗಿದ್ದರು. ಶೈಲಶ್ರೀ ಕಣ್ಣಿನಲ್ಲೇ ಏನೋ ಹೇಳಲು ನೋಡಿದಳು. ವಿಜಯಮಹಾಂತೇಶ ಇನ್ನೂ ಬಂದಿರಲಿಲ್ಲ.

"ಮೈಲೇಶ ಫೋನ್ ಮಾಡಿದ್ದ, ನಿನ್ನೆ," ಎಂದರು ವಿರೂಪಾಕ್ಷಪ್ಪ. "ಪೇಂಟಿನ ಷೇರು ಆರನೂರು ಜಮಾ ಆಗ್ಯಾವಂತ. ಒಂದಕ್ಕ ಎರಡನೂರಾ ಎಂಬತ್ತೈದು. ಪಂಪಿಂದು ನಾಕನೂರಾ ಮೂವತ್ತರಾಗ ನಿಂತೇತಿ, ಎರಡೂ ಕೂಡಿದ್ರ ಹಳೇದಕ್ಕಿಂತ ಹೆಚ್ಚ ಆತು ಕಾಕಾ ಅಂದ. ಏಳನೂರಕ್ಕ ಏರಿತ್ತಲ್ಲೋ ಅಂದೆ. ಎಲ್ಲಿ ಏರೇತ್ರಿ, ಅವತ್ತ ಇಳದದ್ದು ಅಲ್ಲೇ ಐತಿ ಅಂದ."

ನಿರ್ಮಲಾ ಡಬ್ಬಿಯನ್ನು ಹಿಡಿದೇ ನಿಂತಿದ್ದಳು.

"ಶೈಲಾನ ಕಡೆ ಕೂಡಿಸಿ ನೋಡಿದೆ. ನಿನ್ನ ಲೆಕ್ಕದಾಗ ಒಂದು ಲಕ್ಷ ಅರವತ್ತೆರಡು ಸಾವಿರ ಹೆಚ್ಚ ಐತಿ. ಎಲ್ಲಿ, ಕೈ ತೋರಸು."

ಅವಳಿಗೆ ಅರ್ಥವಾಗಲಿಲ್ಲ. ಡಬ್ಬಿ ಕೆಳಗಿಟ್ಟು ಕೈ ಚಾಚಿದಳು. ಅವರು ಅವಳ ಚಿನ್ನದ ಬಳೆಗಳನ್ನು ಬೆರಳಿನಿಂದ ಮುಟ್ಟಿ ಎಣಿಸಿದರು. ನಾಲ್ಕು ಇದ್ದವು.

"ಸರ?"

"ಐತ್ರಿ. ಕೊಳ್ಳಾಗ ಐತಿ."

"ತವರಮನ್ಯಾಗ ಇಸಗೊಂಡಿ?"

"ಇಲ್ರಿ ಮಾವಾರ."

"ಮತ್ತ ಯಾರ ರೊಕ್ಕ ಅದು?" ಅವರ ದನಿ ಏರಲಿಲ್ಲ. "ಅಂಗಡ್ಯಾಗ ಸಂಜೀಕ ಕಡಿಮಿ ಬಂದ್ರ ನನ್ನ ಕಿಸೆದಿಂದ ಹಾಕಿ ಮಲಗತಿದ್ದೆ. ಹೆಚ್ಚ ಬಂದ್ರ ನಿದ್ದಿ ಬರತಿದ್ದಿಲ್ಲ. ಯಾವ ರೈತನ ರೊಕ್ಕದಾಗ ಕಡಿಮಿ ಹೋತೋ ಅಂತ. ಅರವತ್ತು ರೂಪಾಯಿ ಹೆಚ್ಚಾಗಿದ್ದಕ್ಕ ಸೈಕಲ್ ಹೊಡಕೊಂಡು ಕಾಗಿನೆಲಿಗೆ ಹೋಗಿ ರೈತಗ ಕೊಟ್ಟ ಬಂದೇನಿ."

"ಅವತ್ತ ನಾ ಶೈಲಾನ ಹಡದು ಮೂರು ದಿನ ಆಗಿತ್ತು," ಎಂದರು ಫಕ್ಕೀರವ್ವ ಗೋಡೆಯ ಬಳಿಯಿಂದ.

"ನೀ ಸುಮ್ಮನಿರು. ನಿರ್ಮಲಾ, ಯಾರ ರೊಕ್ಕ?"

"ಯಾರದೂ ಅಲ್ರಿ. ಬರೇ ಅಂಕಿ."

"ಬರೇ ಅಂಕಿ."

"ಹೂಂರಿ."

"ಹಿಂದ ರೊಕ್ಕ ಇಲ್ಲ?"

"ಇಲ್ರಿ."

"ಯಾಕ ಬರದಿ?"

"ನೀವು ಉಣ್ಣವಲ್ರಿ ಅಂತ."

ವಿರೂಪಾಕ್ಷಪ್ಪ ಹಾಳೆಯನ್ನು ಎರಡಾಗಿ ಮಡಿಸಿದರು, ನಾಲ್ಕಾಗಿ ಮಡಿಸಿದರು. ಹೊರಗೆ ಒಂದು ಲಾರಿ ಹಿಂದಕ್ಕೆ ಸರಿಯುವ ಸದ್ದು ಬಂದು ನಿಂತಿತು. ಅವರು ಕಂಪ್ಯೂಟರಿನ ಕಡೆ ನೋಡದೆ, "ಅದನ್ನ ಬಂದ್ ಮಾಡು," ಎಂದರು. ಆಮೇಲೆ ಟ್ರಂಕಿನಿಂದ ತಮ್ಮ ಹಳೆಯ ಕೆಂಪು ಕಿರ್ದಿಯನ್ನು ತೆಗೆಸಿದರು.

ಶನಿವಾರದಿಂದ ಅವರೇ ಬರೆಯತೊಡಗಿದರು. ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ಪೆನ್ನು. ಅಕ್ಷರಗಳು ಅವರೆಕಾಳಿನಷ್ಟು ದಪ್ಪವಾಗಿ ಒಂದರ ಮೇಲೊಂದು ಹತ್ತಿ ಕೂರುತ್ತಿದ್ದವು. ಮುದುಕವ್ವ ಹಾಲಿನ ಬಾಕಿಗೆ ಬಂದು ರೂಢಿಯಂತೆ ನಿರ್ಮಲಾಳನ್ನು ಕರೆದಾಗ, "ಇತ್ಲಾಗ ಬಾ ಮುದುಕವ್ವಾ, ಲೆಕ್ಕ ನನ್ನ ಕಡೆ ಐತಿ," ಎಂದರು. ಮುದುಕವ್ವ ಇಬ್ಬರ ಮುಖವನ್ನೂ ನೋಡಿ ಆಚೆ ಹೋದಳು. ನಿರ್ಮಲಾ ಹಾಲಿನ ಪಾತ್ರೆಯನ್ನು ಒಳಗೆ ಒಯ್ದಳು. ಸಂಜೆ ಆರಕ್ಕೆ ಚಹಾ ಕೊಟ್ಟಳು. ಅವರು ಅದನ್ನು ಕಟ್ಟೆಯ ಮೇಲೆ ಕುಳಿತು ಕುಡಿದರು.

ಊಟವನ್ನು ಮಾತ್ರ ಬಿಡಲಿಲ್ಲ. ಪ್ರತಿ ರಾತ್ರಿ ಕೈ ತೊಳೆಯುವ ಮೊದಲು ಎಲ್ಲರಿಗೂ ಕೇಳುವಂತೆ, "ಎರಡು ರೊಟ್ಟಿ ತಿಂದೇನಿ. ಯಾರೂ ಏನೂ ಬರಿಯೂದು ಬ್ಯಾಡ," ಎನ್ನುತ್ತಿದ್ದರು.

"ಅಪ್ಪಾ, ಆಕಿ ಸುಳ್ಳ ಬರದಾಳ ಖರೇ. ನಾ ಗೊತ್ತಿದ್ದೂ ಸುಮ್ಮನಿದ್ದೆ," ಎಂದ ವಿಜಯಮಹಾಂತೇಶ ಭಾನುವಾರ. "ನನಗೂ ಬೈಯಿ."

"ನಿನಗ ಕಿರ್ದಿ ಕೊಟ್ಟಿದ್ದಿಲ್ಲ," ಎಂದರು ವಿರೂಪಾಕ್ಷಪ್ಪ.

ನಿರ್ಮಲಾ ಗಂಗಾಳಗಳನ್ನು ಒಂದರೊಳಗೊಂದು ಇಡುತ್ತಿದ್ದಳು.

ಯುಗಾದಿಗೆ ಎರಡು ದಿನ ರಜೆ ಇತ್ತು. ಹಬ್ಬದ ಮರುದಿನ ಮಧ್ಯಾಹ್ನ ಎಲ್ಲರೂ ಮನೆಯಲ್ಲಿದ್ದರು. ಫಕ್ಕೀರವ್ವ ವರ್ಷದ ಖಾರದಪುಡಿಗೆಂದು ಹತ್ತು ಕಿಲೋ ಕಾಯಿ ತರಿಸಿ ಪಡಸಾಲೆಯಲ್ಲಿ ಸುರಿದುಕೊಂಡು ತೊಟ್ಟು ಬಿಡಿಸುತ್ತಿದ್ದರು. ವಿರೂಪಾಕ್ಷಪ್ಪ ಕಿರ್ದಿ ತೆರೆದು ಕುಳಿತವರು ಒಂದೇ ಪುಟದಲ್ಲಿ ಅರ್ಧ ಗಂಟೆಯಿಂದ ನಿಂತಿದ್ದರು. 'ಪೇಂಟಿನ ಕಂಪನಿ, ಷೇರು ಆರುನೂರು' ಎಂದು ಬರೆದಾಗಿತ್ತು. ಮುಂದೆ, ಕೊಂಡ ಬೆಲೆಯ ಜಾಗ ಖಾಲಿ.

"ಶೈಲಾ, ನಿಮ್ಮ ವೈನಿಗೆ ಕೇಳು, ಆ ಕಂಪ್ಯೂಟರ್ ಡಬ್ಬ್ಯಾಗ ಇದನ್ನ ಹೆಂಗ ಬರೀತಾರ ಅಂತ."

"ವೈನಿ ನಿನ್ನ ಎದರಿಗೇ ಅದಾರ. ನೀನ ಕೇಳು."

"ನಾ ಕೇಳಂಗಿಲ್ಲ."

"ಅದೂ ಬೆಲಿ ಕೇಳತೈತ್ರಿ," ಎಂದಳು ನಿರ್ಮಲಾ, ಮೆಣಸಿನಕಾಯಿಯ ಕಡೆ ನೋಡುತ್ತಲೇ. "ಸೊನ್ನಿ ಹಾಕಿದ್ರ ಪಂಪಿಂದೆಲ್ಲಾ ಲುಕ್ಸಾನ, ಪೇಂಟಿಂದೆಲ್ಲಾ ಲಾಭ ಅಂತ ತೋರಸತೈತಿ."

"ಅದು ಸುಳ್ಳ."

"ಹೂಂರಿ. ಅದೂ ಸುಳ್ಳ."

"ಎರಡನೂರಾ ಎಂಬತ್ತೈದು ಹಾಕಿದ್ರ?"

"ನಾವು ಅಷ್ಟ ರೊಕ್ಕ ಕೊಟ್ಟಿಲ್ಲಲ್ರಿ. ಎಲ್ಲಿಂದ ಬಂತು ಅಂತ ಕೇಳತೈತಿ."

ವಿರೂಪಾಕ್ಷಪ್ಪ ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡರು. ಫಕ್ಕೀರವ್ವ ಒಂದು ಬಿಳಿಚಿದ ಕಾಯಿಯನ್ನು ಎತ್ತಿ ಬೇರೆ ಗುಂಪಿಗೆ ಎಸೆದರು. ಅವರ ಮುಂದೆ ಆಗಲೇ ಮೂರು ಗುಂಪುಗಳಾಗಿದ್ದವು. ಕೆಂಪಗೆ ಸುಕ್ಕಾದ ಒಳ್ಳೆಯ ಕಾಯಿ, ಮುರಿದದ್ದು, ಬಿಳಿಗಾಯಿ.

"ನೀವು ಅಂಗಡ್ಯಾಗ ಒಮ್ಮೊಮ್ಮೆ ನೀವ ಲಾಟು ಕೊಳ್ಳತಿದ್ರೆಲ್ಲ," ಎಂದರು ಅವರು. "ಹತ್ತು ಚೀಲ, ಇಪ್ಪತ್ತು ಚೀಲ. ನಾನೂ ನಾಕು ಹೆಣಮಕ್ಕಳೂ ಕುಂತು ಆರಸತಿದ್ವಿ. ಮೂರು ಗುಂಪಿ ಆಗತಿದ್ವು."

"ಆಗತಿದ್ವು. ಏನೀಗ?"

"ಮೂರು ಗುಂಪಿಗೆ ಮೂರು ಸಲ ರೊಕ್ಕ ಕೊಟ್ಟೀರೇನು?"

"ಒಂದ ಸಲ. ಲಾಟಿಗೆ."

"ಮತ್ತ ಬಿಳಿಗಾಯಿ ಗುಂಪಿಗೆ ಕಿರ್ದ್ಯಾಗ ಸೊನ್ನಿ ಬರದೀರೇನು, ಫುಕಟ್ ಬಂತು ಅಂತ?"

"ಯಾಕ ಬರೀಲಿ? ಲಾಟಿಗೆ ಕೊಟ್ಟದ್ದನ್ನ ಗುಂಪಿಗೆ ಗುಂಪಿನ ಯೋಗ್ಯತಿಯಂಗ ಹಂಚತಿದ್ದೆ. ಛಲೋದಕ್ಕ ಇಷ್ಟು, ಮುರಕಕ್ಕ ಇಷ್ಟು..."

ಅವರು ಅಲ್ಲಿಗೇ ನಿಂತರು.

"ಕಾಯಿ ಹೊಸಾವೇನು?" ಎಂದರು ಫಕ್ಕೀರವ್ವ, ತೊಟ್ಟು ಮುರಿಯುತ್ತ. "ಅವ ಕಾಯಿ. ಆರಿಸಿ ಬ್ಯಾರೆ ಇಟ್ಟಾರ."

ತೊಟ್ಟು ಮುರಿಯುವ ಸದ್ದು ಮಾತ್ರ ಇತ್ತು. ನಿರ್ಮಲಾ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟಳು.

"ಲಾಟಿಗೆ ಕೊಟ್ಟದ್ದು ಎರಡು ಲಕ್ಷ ಎಪ್ಪತ್ತು ಸಾವಿರ," ಎಂದರು ವಿರೂಪಾಕ್ಷಪ್ಪ ತಮ್ಮಷ್ಟಕ್ಕೆ. "ಗುಂಪಿ ಎರಡು. ಯಾವುದಕ್ಕ ಎಷ್ಟು ಅಂತ ಯಾರು ಹೇಳಬೇಕು? ಕಾಯಿ ಆದ್ರ ನಾ ಮೂಸಿ ಹೇಳತಿದ್ದೆ."

"ಕಂಪನಿಯವರ ಹೇಳ್ಯಾರ್ರಿ ಮಾವಾರ. ಅವರು ಕಳಿಸಿದ ಕಾಗದದಾಗ ಐತಿ. ನೂರು ರೂಪಾಯಿದಾಗ ಪಂಪಿಗೆ ಅರವತ್ತೆರಡು ರೂಪಾಯಿ ನಲವತ್ತು ಪೈಸೆ, ಪೇಂಟಿಗೆ ಮೂವತ್ತೇಳು ಅರವತ್ತು. ಓದಿದ್ದೆ. ಏನ್ ಮಾಡಬೇಕು ಅಂತ ತಿಳದಿದ್ದಿಲ್ಲ."

ಅವರು ಅವಳನ್ನು ನೋಡಿದರು. ಎಂಟು ದಿನದಲ್ಲಿ ಮೊದಲ ಸಲ.

"ಡಬ್ಬಿ ಚಾಲೂ ಮಾಡು."

"ಕೈ ತೊಳಕೋ ಮೊದಲ," ಎಂದರು ಫಕ್ಕೀರವ್ವ. "ಖಾರದ ಕೈಲೆ ಅದನ್ನ ಮುಟ್ಟಿ ಆಮ್ಯಾಲೆ ಕಣ್ಣ ಮುಟ್ಟಿಗೊಂಡೀದಿ."

ಅವಳು ಎರಡು ಸಲ ಸೋಪು ಹಚ್ಚಿ ತೊಳೆದು ಬಂದಳು. ಪಂಪಿನ ಖಾತೆಯಿಂದ ಒಂದು ಲಕ್ಷ ಒಂದು ಸಾವಿರದ ಐದುನೂರ ಇಪ್ಪತ್ತು ತೆಗೆದು ಪೇಂಟಿನ ಆರುನೂರು ಷೇರಿನ ಮುಂದೆ ಇಟ್ಟಳು. ಪಂಪಿನ ಪಾಲಿಗೆ ಒಂದು ಲಕ್ಷ ಅರವತ್ತೆಂಟು ಸಾವಿರದ ನಾಲ್ಕುನೂರ ಎಂಬತ್ತು ಉಳಿಯಿತು. ವಿರೂಪಾಕ್ಷಪ್ಪ ಕಿರ್ದಿಯ ಅಂಚಿನಲ್ಲಿ ಅದೇ ಲೆಕ್ಕವನ್ನು ದಪ್ಪ ಅಕ್ಷರದಲ್ಲಿ ಮಾಡಿ, ಎರಡೂ ಕೂಡಿಸಿ, ಎರಡು ಲಕ್ಷ ಎಪ್ಪತ್ತು ಸಾವಿರ ಬಂದದ್ದನ್ನು ನೋಡಿ ತಲೆ ಆಡಿಸಿದರು. ತಂತ್ರಾಂಶ ಏನನ್ನೂ ಕೇಳದೆ ಸಾಲನ್ನು ಒಪ್ಪಿಕೊಂಡಿತು.

"ಎಷ್ಟ ಹೆಚ್ಚಾತು, ಹಳೇ ಏಳನೂರಕ್ಕಿಂತ?"

"ಮೈಲೇಶಣ್ಣ ಹೇಳಿದ ಬೆಲಿಗೆ ಒಂಬತ್ತು ಸಾವಿರ ಹೆಚ್ಚರಿ."

"ಮಾಂತೇಶಾ, ಬಾ ಇಲ್ಲಿ."

ಹೊರಗೆ ಗಾಡಿ ಒರೆಸುತ್ತಿದ್ದ ವಿಜಯಮಹಾಂತೇಶ ಬಟ್ಟೆ ಹಿಡಿದೇ ಒಳಗೆ ಬಂದ.

"ನೀ ತಡಿ ಅಂದದ್ದು ಬರೋಬ್ಬರಿ ಇತ್ತು. ಹಿಂದೊಮ್ಮೆ ಅಂದಿದ್ದೆ, ಅದು ಸುಳ್ಳ ಲೆಕ್ಕ ನೋಡಿ ಅಂದದ್ದು. ಅದನ್ನ ಬಿಡು. ಇದನ್ನ ಇಟಗೋ."

"ಆತು," ಎಂದ ಮಗ. ಕೈಯ ಬಟ್ಟೆಯನ್ನು ಮಡಿಸುತ್ತ, "ಚಹಾ ಕುಡೀತಿ ಏನು?" ಎಂದು ಕೇಳಿದ. ಈ ಮನೆಯಲ್ಲಿ ಅವನು ಚಹಾ ಮಾಡಿದ್ದನ್ನು ಯಾರೂ ನೋಡಿರಲಿಲ್ಲ. ಆದರೂ ಒಳಗೆ ಹೋಗಿ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೂಗಿದ. ಅಪ್ಪಗ ಸಕ್ಕರಿ ಬ್ಯಾಡ ಎಂದು ಶೈಲಶ್ರೀ ಅವನ ಹಿಂದೆ ಓಡಿದಳು.

"ಇನ್ನ ನಿಂದು," ಎಂದರು ವಿರೂಪಾಕ್ಷಪ್ಪ. "ಆ ಒಂದು ಅರವತ್ತೆರಡು."

"ಅಳಸಿಬಿಡತೇನ್ರಿ ಮಾವಾರ. ಒಂದು ಗುಂಡಿ ಒತ್ತಿದ್ರ ಆತು, ಗುರುತೂ ಉಳಿಯೂದಿಲ್ಲ."

"ಗುರುತು ಉಳಿಯೂದಿಲ್ಲ?"

"ಇಲ್ರಿ. ಬರದೇ ಇಲ್ಲೇನೋ ಅನ್ನೂಹಂಗ."

ಅವರು ಯೋಚಿಸಿದರು. "ಬ್ಯಾಡ. ಬರದದ್ದು ಬರದಂಗ ಇರಲಿ. ಅದರ ಕೆಳಗ ಉಲ್ಟಾ ಬರದು ತಗಿ. ಯಾಕಂತ ಬರಿಯಾಕ ಜಾಗ ಐತೇನು?"

"ಐತ್ರಿ. ಟಿಪ್ಪಣಿ ಅಂತ ಐತಿ. ಏನಂತ ಬರೀಲಿ?"

ವಿರೂಪಾಕ್ಷಪ್ಪ ನೆಟ್ಟಗೆ ಕುಳಿತು, ಅಂಗಡಿಯಲ್ಲಿ ಗುಮಾಸ್ತನಿಗೆ ಹೇಳುತ್ತಿದ್ದ ದನಿಯಲ್ಲಿ ನಿಧಾನವಾಗಿ ಹೇಳಿದರು: "'ವಿರೂಪಾಕ್ಷಪ್ಪ ಸಿಟ್ಟಿನಿಂದ ಊಟ ಬಿಟ್ಟ ಕಾರಣ, ಉಣ್ಣಲಿ ಎಂದು ಸೊಸೆ ಬರೆದ ರಕಮು. ಹಿಂದೆ ರೊಕ್ಕ ಇರಲಿಲ್ಲ. ವಿರೂಪಾಕ್ಷಪ್ಪ ಉಂಡಿರುತ್ತಾನೆ. ಈ ದಿನ ತೆಗೆಯಲಾಯಿತು.'"

ಚಹಾ ತರುತ್ತಿದ್ದ ಶೈಲಶ್ರೀ ಬಾಗಿಲಲ್ಲೇ ನಿಂತು ನಕ್ಕಳು. ನಿರ್ಮಲಾ ನಗಲಿಲ್ಲ. ಕನ್ನಡ ಒತ್ತುವುದು ಅವಳಿಗೆ ಇನ್ನೂ ನಿಧಾನ. ಒಂದೊಂದೇ ಅಕ್ಷರ ಹುಡುಕುತ್ತ ಬರೆದಳು. ನಡುವೆ ಒಮ್ಮೆ ತೆರೆ ಮಸುಕಾಯಿತು. ಕೈ ಸರಿಯಾಗಿ ತೊಳೆದಿದ್ದರೂ ಕಣ್ಣು ಒರೆಸಿಕೊಂಡದ್ದು ಸೆರಗಿನಿಂದ.

"ಸೊಸಿ ಅಂತ ಬರದೀಯೇನು?"

"ನೀವು ಹಂಗ ಹೇಳಿದ್ರಲ್ರಿ."

"ಬರೇ ಸೊಸಿ ಅಂದ್ರ ಯಾರಂತ ತಿಳೀಬೇಕು? ಹೆಸರು ಹಾಕು. ಈ ಮನಿ ಕಿರ್ದಿ ಯಾರು ಬರೀತಾರ ಅಂತ ಮುಂದ ಓದೂರಿಗೆ ಗೊತ್ತಾಗಬೇಕು."

ನಿರ್ಮಲಾ 'ಸೊಸೆ' ಎಂಬಲ್ಲಿಗೆ ಹಿಂದೆ ಹೋಗಿ ಅದನ್ನು ತೆಗೆದು ತನ್ನ ಹೆಸರು ಹುಡುಕಿ ಹುಡುಕಿ ಒತ್ತಿದಳು. ಯಾರೂ ಅವಸರ ಮಾಡಲಿಲ್ಲ. ಒಳಗೆ ವಿಜಯಮಹಾಂತೇಶ ಹಾಲು ಉಕ್ಕಿಸಿದ ವಾಸನೆ ಬಂತು. ಫಕ್ಕೀರವ್ವ ಏಳಲಿಲ್ಲ.

"ಓದು," ಎಂದರು ವಿರೂಪಾಕ್ಷಪ್ಪ.

ಅವಳು ಓದಿದಳು. ತನ್ನ ಹೆಸರು ಬಂದಲ್ಲಿ ದನಿ ತಗ್ಗಿತು.

"ಜೋರಾಗಿ ಓದು," ಎಂದರು ಅವರು. "ನಿಮ್ಮತ್ತಿಗೆ ಕೇಳಸಲಿ."